ರಾತ್ರಿ ಮೂರು ಗಂಟೆಯ ನೀರು

ದಿನವಿಡೀ ನೀರು ಬರುವ ಊರಿನಲ್ಲೂ ರಾತ್ರಿ ಎರಡರಿಂದ ನಾಲ್ಕರವರೆಗೆ ನಲ್ಲಿ ತಿರುಗಿಸುವವರು ಕಡಿಮೆ. ಆ ಹೊತ್ತಿನಲ್ಲೂ ಬಡಾವಣೆಯ ಮುಖ್ಯ ಕೊಳವೆಯಲ್ಲಿ ನೀರು ಜೋರಾಗಿ ಹರಿಯುತ್ತಿದ್ದರೆ ಅದರಲ್ಲಿ ಬಹುಪಾಲು ಮಣ್ಣಿನ ಪಾಲಾಗುತ್ತಿದೆ ಎಂದೇ ಅನುಮಾನಿಸಬೇಕು. ಸೋರಿಕೆ ಹಿಡಿಯಲು ಇಂಜಿನಿಯರುಗಳು ನಂಬಿರುವ ಉಪಾಯ ಇದು. ಆದರೆ ಅಂಥ ಅವೇಳೆಯಲ್ಲಿ ಊರಿನ ಅಷ್ಟೂ ಮೀಟರುಗಳನ್ನು ಓದುವವರು ಯಾರು?

ಮೀಟರೇ ಹೇಳಬೇಕು. ಗಂಟೆಗೊಂದು ಅಂಕಿ ಹೇಳಲು ಅದಕ್ಕೆ ತಂತಿಯೂ ಬೇಡ, ವೇಗವೂ ಬೇಡ. ಇಂಥ ಕೆಲಸಕ್ಕೆಂದೇ ಇರುವ ಲೋರಾ ಎಂಬ ರೇಡಿಯೊ ವಿಧಾನದಲ್ಲಿ ದತ್ತಾಂಶ ಸಾಗುವ ವೇಗ ಕೆಲವೊಮ್ಮೆ ಸೆಕೆಂಡಿಗೆ ಬರೀ 300 ಬಿಟ್. ವಿಡಿಯೊ ಕನಸಿನ ಮಾತು. ಆದರೆ ಅದರ ಜಾಣತನ ಬೇರೆಡೆ ಇದೆ. ಅದು ಒಂದೇ ಸ್ವರದಲ್ಲಿ ನಿಲ್ಲದೆ, ತಗ್ಗಿನಿಂದ ಮೇಲಕ್ಕೆ ಜಾರುವ ಸಿಳ್ಳೆಯಂತೆ ಆವರ್ತನ ಬದಲಿಸುತ್ತ ಮಾತಾಡುತ್ತದೆ. ಸಂತೆಯ ಗದ್ದಲದಲ್ಲೂ ಅಂಥ ಸಿಳ್ಳೆಯನ್ನು ಕಿವಿ ಗುರುತಿಸುವ ಹಾಗೆ, ಹಿನ್ನೆಲೆಯ ಗೊಂದಲಕ್ಕಿಂತ ಕ್ಷೀಣವಾದ ಸಂಕೇತವನ್ನೂ ಅದನ್ನು ಕೇಳುವ ರಿಸೀವರ್ ಹೆಕ್ಕಿಕೊಳ್ಳುತ್ತದೆ. ಯುರೋಪಿನಲ್ಲಿ 868, ಅಮೆರಿಕದಲ್ಲಿ 915 ಮೆಗಾಹರ್ಟ್ಸ್ ಸುತ್ತಮುತ್ತ ಸಾಗುವ ಈ ಅಲೆಗಳು 5 ಗಿಗಾಹರ್ಟ್ಸ್ ವೈಫೈಗಿಂತ ಸುಲಭವಾಗಿ ಗೋಡೆ ದಾಟುತ್ತವೆ. ಊರೊಳಗೆ ಕೆಲವು ಕಿಲೋಮೀಟರ್ ತಲುಪುತ್ತವೆ. ಒಮ್ಮೆ ಹಾಕಿದ ಬ್ಯಾಟರಿ ವರ್ಷಗಟ್ಟಲೆ ಬಾಳುತ್ತದೆ.

ಇದನ್ನೆಲ್ಲ ಕೇಳಿಸಿಕೊಳ್ಳಲು ಎತ್ತರದಲ್ಲೊಂದು ಕಿವಿ ಬೇಕಲ್ಲ, ಅದಕ್ಕೆ ಬೀದಿದೀಪದ ಕಂಬವಿದೆ. ಎತ್ತರವಿದೆ, ವಿದ್ಯುತ್ತಿದೆ, ಅನೇಕ ಕಡೆ ಅದು ನಗರಾಡಳಿತದ್ದೇ ಸ್ವತ್ತು. ಕೆಟ್ಟ ದೀಪದ ಸುದ್ದಿಯೂ, ತುಂಬಿದ ಕಸದ ತೊಟ್ಟಿಯ ಸುದ್ದಿಯೂ ಅದೇ ದಾರಿಯಲ್ಲಿ ಕಚೇರಿ ಸೇರಬಹುದು.

ಕ್ಯಾಮೆರಾ ದೃಶ್ಯಕ್ಕೆ ಮಾತ್ರ ವೈಫೈನಂಥ ಅಗಲದ ದಾರಿ ಬೇಕು. ಅಲ್ಲಿ ಕಂಬದಿಂದ ಕಂಬಕ್ಕೆ ಸಂದೇಶ ಕೈ ಬದಲಿಸುತ್ತ ಸಾಗುವ ಜಾಲ ಹೆಣೆಯುತ್ತಾರೆ. ಒಂದು ಕಂಬ ಕೆಟ್ಟರೆ ಸಂದೇಶ ಪಕ್ಕದ ಕಂಬದ ಮೂಲಕ ಹೋಗುತ್ತದೆ. 2007ರ ಆಗಸ್ಟ್ 1ರ ಸಂಜೆ ಅಮೆರಿಕದ ಮಿನಿಯಾಪೊಲಿಸ್‌ನಲ್ಲಿ ಮಿಸಿಸಿಪ್ಪಿ ನದಿಯ ಹೆದ್ದಾರಿ ಸೇತುವೆ ಕುಸಿದು 13 ಜನ ಸತ್ತರು. ಎಲ್ಲರೂ ಒಟ್ಟಿಗೆ ಕರೆ ಮಾಡಲು ಹೊರಟಾಗ ಮೊಬೈಲ್ ಜಾಲ ತತ್ತರಿಸಿತು. ನಗರದ ಇಂಥದ್ದೇ ವೈಫೈ ಜಾಲ ಆಗಿನ್ನೂ ಅರ್ಧ ಕಟ್ಟಿದ ಸ್ಥಿತಿಯಲ್ಲಿತ್ತು. ಆದರೂ ಅದನ್ನು ಎಲ್ಲರಿಗೂ ಉಚಿತವಾಗಿ ತೆರೆದರು, ರಕ್ಷಣಾ ಕಾರ್ಯಕ್ಕೂ ಅದು ಆಸರೆಯಾಯಿತು. ಆಪತ್ತಿನಲ್ಲಿ ಆಡಳಿತದ ಕೈಯಲ್ಲೇ ಒಂದು ಜಾಲವಿರುವುದರ ಬೆಲೆ ನನಗೆ ಮನದಟ್ಟಾದದ್ದು ಈ ಘಟನೆಯಿಂದ.

ಇಡೀ ಊರಿಗೆ ಅಗ್ಗದ ಇಂಟರ್ನೆಟ್ ಕೊಡುತ್ತೇವೆಂದು ಹೊರಟ ಯೋಜನೆಗಳ ಹಾದಿ ಇಷ್ಟು ಸುಗಮವಾಗಿರಲಿಲ್ಲ. ಅಮೆರಿಕದ ಫಿಲಡೆಲ್ಫಿಯಾ ನಗರದಲ್ಲಿ ಅಂಥ ಜಾಲ ಕಟ್ಟಿದ ಅರ್ಥ್‌ಲಿಂಕ್ ಕಂಪನಿ 2008ರಲ್ಲಿ ಕೈಬಿಟ್ಟಿತು. ನಗರಾಡಳಿತ ಮೊದಲು ತನ್ನದೇ ನಿತ್ಯದ ಕೆಲಸಕ್ಕೆ ಜಾಲ ಕಟ್ಟಿಕೊಳ್ಳುವುದು ಲೇಸು ಎಂದು ನಾನು ನಂಬುತ್ತೇನೆ.

ಇನ್ನೊಂದು ಮಾತು ಮನಸ್ಸನ್ನು ಕೊರೆಯುತ್ತದೆ. ಮನೆಮನೆಯ ಮೀಟರು ಗಂಟೆಗೊಮ್ಮೆ ಲೆಕ್ಕ ಕೊಟ್ಟರೆ, ಆ ಮನೆಯವರು ಯಾವಾಗ ಏಳುತ್ತಾರೆ, ಯಾವ ವಾರ ಊರಲ್ಲಿಲ್ಲ ಎಂಬುದೂ ಆ ಲೆಕ್ಕದಲ್ಲಿ ಬಯಲಾಗುತ್ತದೆ. ಬೀದಿಯ ಕೊಳವೆ ಎಲ್ಲೋ ಸೋರುತ್ತಿದೆ ಎಂದು ತಿಳಿಯಲು ಅಷ್ಟು ಇಣುಕಬೇಕಾಗಿಲ್ಲ. ಬಡಾವಣೆಗೆ ನೀರು ಬರುವ ಬಾಯಲ್ಲಿ ಒಂದೇ ಮೀಟರ್ ಇಟ್ಟು, ರಾತ್ರಿ ಮೂರರ ಅಂಕಿ ನೋಡಿದರೂ ಸುಳಿವು ಸಿಗುತ್ತದೆ.