ನಿದ್ದೆ ಹೋದ ಮಷೀನಿಗೆ ಗಂಟೆ ಎಷ್ಟು?

ಬನಶಂಕರಿಯಲ್ಲಿ ಬಸ್ಸು ಹತ್ತುವ ಮುಂಚೆ ಲ್ಯಾಪ್‌ಟಾಪ್ ಮುಚ್ಚಿ ಚೀಲಕ್ಕೆ ಹಾಕಿದೆ. ಎಲೆಕ್ಟ್ರಾನಿಕ್ ಸಿಟಿಯಲ್ಲಿ ಇಳಿದು, ಒಂದು ಕಾಫಿ ಕುಡಿದು, ಮತ್ತೆ ತೆರೆಯುವಷ್ಟರಲ್ಲಿ ಒಂದೂವರೆ ಗಂಟೆ ಕಳೆದಿತ್ತು. ಪರದೆಯ ಮೂಲೆಯ ಗಡಿಯಾರ 10:40 ಅಂತ ಸರಿಯಾಗೇ ಹೇಳುತ್ತಿತ್ತು. ಆದರೆ ಅದೇ ಲ್ಯಾಪ್‌ಟಾಪಿನೊಳಗೆ ಓಡುತ್ತಿದ್ದ ಲಿನಕ್ಸ್ ವರ್ಚುವಲ್ ಮಷೀನಿನಲ್ಲಿ ಗಂಟೆ ಇನ್ನೂ 9:10.

ಮೊದಲು ನನಗೆ ಗೊತ್ತಾಗಲಿಲ್ಲ. ಒಂದಿಷ್ಟು ಕೋಡ್ ತಿದ್ದಿ ಕಮಿಟ್ ಮಾಡಿದೆ, ಅಂದರೆ ತಿದ್ದಿದ್ದನ್ನು ಆ ಹೊತ್ತಿನ ಸಮಯದ ಸಮೇತ ದಾಖಲಿಸಿದೆ. ಆಮೇಲೆ ಆ ಕೋಡನ್ನು ಪ್ರೋಗ್ರಾಂ ಮಾಡುವ ಬಿಲ್ಡ್ ಶುರು ಮಾಡಿದರೆ ಎಚ್ಚರಿಕೆ ಬಂತು: ಲ್ಯಾಪ್‌ಟಾಪೂ ವರ್ಚುವಲ್ ಮಷೀನೂ ಹಂಚಿಕೊಂಡ ಫೋಲ್ಡರಿನ ಈ ಫೈಲು 5400 ಸೆಕೆಂಡು ಮುಂದಿನ ಕಾಲದಲ್ಲಿ ಬದಲಾಗಿದೆಯಂತೆ! ಆಫೀಸಿನ ಸರ್ವರ್ ಲಾಗಿನ್ ಆಗಲೂ ಬಿಡಲಿಲ್ಲ. ಅಲ್ಲಿದ್ದದ್ದು ಕೆರ್ಬರೋಸ್ ಎಂಬ ಪಹರೆಯವನು. ಇಬ್ಬರ ಗಡಿಯಾರಗಳ ನಡುವೆ ಐದು ನಿಮಿಷಕ್ಕಿಂತ ಜಾಸ್ತಿ ವ್ಯತ್ಯಾಸವಿದ್ದರೆ ಸಾಮಾನ್ಯವಾಗಿ ಬಾಗಿಲು ತೆಗೆಯುವುದಿಲ್ಲ. ಯಾರೋ ಹಳೆಯ ಟಿಕೆಟ್ ಕದ್ದು ತಂದಿರಬಹುದು ಅನ್ನುವ ಅನುಮಾನ ಅದಕ್ಕೆ.

ಒಂದೇ ಡಬ್ಬಿ, ಎರಡು ಗಂಟೆ. ಇದು ಹೇಗೆ?

ವರ್ಚುವಲ್ ಮಷೀನ್ ಅಂದರೆ ಏನು ಅಂತ ಬೆಂಗಳೂರಿನವರಿಗೆ ಹೇಳುವುದು ಸುಲಭ. ನಮ್ಮ ಪಿಜಿಗಳನ್ನು ನೆನೆಸಿಕೊಳ್ಳಿ. ಮನೆ ಒಂದೇ, ಓನರ್ ಒಬ್ಬ. ನಡುವೆ ಪ್ಲೈವುಡ್ ಹಲಗೆ ಹಾಕಿ ಹತ್ತು ರೂಮು ಮಾಡಿದ್ದಾನೆ. ಪ್ರತಿಯೊಬ್ಬನಿಗೂ ಬೇರೆ ಬೀಗ, ಬೇರೆ ಬೀರು. ಕಂಪ್ಯೂಟರಿನಲ್ಲೂ ಹಾಗೇ. ನಿಜವಾದ ಯಂತ್ರ ಒಂದು, ಅದು ಹೋಸ್ಟ್. ಅದರ ಮೇಲೆ ಹೈಪರ್‌ವೈಸರ್ ಎಂಬ ಓನರ್. ಒಳಗೆ ಬಾಡಿಗೆಗಿರುವವು ಗೆಸ್ಟ್‌ಗಳು. ವ್ಯತ್ಯಾಸ ಒಂದೇ. ಪಿಜಿ ಹುಡುಗನಿಗೆ ತಾನು ಪಿಜಿಯಲ್ಲಿದ್ದೇನೆ ಅಂತ ಗೊತ್ತು. ಗೆಸ್ಟ್ ಮಾತ್ರ ಇಡೀ ಮನೆ ತನ್ನದೇ ಅಂದುಕೊಂಡಿರುತ್ತದೆ.

ಈ ನಾಟಕ ಬಹುಮಟ್ಟಿಗೆ ನಡೆಯುತ್ತದೆ. ಮೆಮೊರಿ ಹಂಚಬಹುದು, ಡಿಸ್ಕ್ ತುಂಡು ಮಾಡಿ ಕೊಡಬಹುದು. ಪ್ರೊಸೆಸರನ್ನು ಸರದಿಯ ಮೇಲೆ ಕೊಡಬಹುದು: ನಿನಗೆ ಸ್ವಲ್ಪ ಹೊತ್ತು, ಆಮೇಲೆ ಪಕ್ಕದವನಿಗೆ. ತೊಂದರೆ ಇರುವುದು ಈ ಸರದಿಯಲ್ಲೇ. ಪಕ್ಕದವನ ಸರದಿ ನಡೆಯುವಾಗ ನಮ್ಮ ಗೆಸ್ಟ್ ಕಲ್ಲಿನಂತೆ ನಿಂತಿರುತ್ತದೆ. ಹೊರಗೆ ಕಾಲ ಓಡುತ್ತಲೇ ಇರುತ್ತದೆ. ಮತ್ತೆ ಸರದಿ ಬಂದಾಗ ಗೆಸ್ಟ್ ನಿಲ್ಲಿಸಿದ ಜಾಗದಿಂದಲೇ ಮುಂದುವರಿಯುತ್ತದೆ, ಏನೂ ಆಗಿಲ್ಲ ಎಂಬಂತೆ. ನಿದ್ದೆ ಮಾಡಿದವನಿಗೆ ತಾನು ಎಷ್ಟು ಹೊತ್ತು ಮಲಗಿದ್ದೆ ಅಂತ ಹೇಗೆ ಗೊತ್ತಾಗಬೇಕು?

1974ರಲ್ಲಿ ಜೆರಾಲ್ಡ್ ಪೋಪೆಕ್ ಮತ್ತು ರಾಬರ್ಟ್ ಗೋಲ್ಡ್‌ಬರ್ಗ್ ಎಂಬ ಇಬ್ಬರು ವರ್ಚುವಲ್ ಮಷೀನ್ ಹೇಗಿರಬೇಕು ಅಂತ ನಿಯಮ ಬರೆದರು. ನಿಜವಾದ ಯಂತ್ರದಲ್ಲಿ ಪ್ರೋಗ್ರಾಂ ಹೇಗೆ ನಡೆದುಕೊಳ್ಳುತ್ತದೋ ಇಲ್ಲೂ ಹಾಗೇ ನಡೆದುಕೊಳ್ಳಬೇಕು ಅಂದರು. ಆದರೆ ಎರಡು ವಿಷಯಕ್ಕೆ ಆಗಲೇ ವಿನಾಯಿತಿ ಕೊಟ್ಟುಬಿಟ್ಟರು. ಒಂದು, ಎಷ್ಟು ಸಂಪನ್ಮೂಲ ಸಿಗುತ್ತದೆ ಎಂಬುದು. ಇನ್ನೊಂದು, ಕಾಲ. ಇದನ್ನು ಮೊದಲ ಸಲ ಓದಿದಾಗ ನನಗೆ ನಗು ಬಂತು. ಮದುವೆ ಮಾತುಕತೆಯ ದಿನವೇ ಹುಡುಗನ ಒಂದು ದೋಷ ಒಪ್ಪಿಕೊಂಡ ಹಾಗೆ.

ಕಂಪ್ಯೂಟರು ಗಂಟೆ ತಿಳಿದುಕೊಳ್ಳುವ ರೀತಿಯನ್ನು ಸ್ವಲ್ಪ ನೋಡೋಣ. ಮದರ್‌ಬೋರ್ಡಿನ ಮೇಲೆ ನಾಣ್ಯದಂಥ ಒಂದು ಬ್ಯಾಟರಿ ಇರುತ್ತದೆ. ಕರೆಂಟ್ ಹೋದರೂ ಅದು ಒಂದು ಪುಟ್ಟ ಸ್ಫಟಿಕವನ್ನು ಸೆಕೆಂಡಿಗೆ 32,768 ಸಲ ಕಂಪಿಸುತ್ತಾ ಇಡುತ್ತದೆ. ಎರಡನ್ನು ಎರಡರಿಂದ ಗುಣಿಸುತ್ತಾ ಹೋದರೆ ಹದಿನೈದನೆಯ ಘಾತದಲ್ಲಿ ಸಿಗುವ ಸಂಖ್ಯೆ ಅದು. ನಿಮ್ಮ ಕೈಯ ಕ್ವಾರ್ಟ್ಜ್ ವಾಚಿನಲ್ಲಿರುವುದೂ ಅದೇ. ಯಂತ್ರ ಎದ್ದಾಗ ಅಲ್ಲಿಂದ ಒಮ್ಮೆ ಗಂಟೆ ಓದಿಕೊಳ್ಳುತ್ತದೆ. ಆಮೇಲಿನ ಲೆಕ್ಕವೆಲ್ಲ ಆಪರೇಟಿಂಗ್ ಸಿಸ್ಟಮಿನದೇ.

ಹಳೆಯ ಲೆಕ್ಕದ ರೀತಿ ನಮ್ಮ ಗಳಿಗೆ ಬಟ್ಟಲಿನದು. ಹಿಂದೆ ಮದುವೆ ಮುಹೂರ್ತ ನೋಡಲು ನೀರಿನ ಪಾತ್ರೆಯಲ್ಲಿ ತೂತಿದ್ದ ಬಟ್ಟಲು ತೇಲಿಬಿಡುತ್ತಿದ್ದರು. ಬಟ್ಟಲು ಮುಳುಗಿತು ಅಂದರೆ ಒಂದು ಗಳಿಗೆ, ಅಂದರೆ 24 ನಿಮಿಷ. ಪಕ್ಕದಲ್ಲಿ ಒಬ್ಬ ಕೂತು ಎಷ್ಟು ಸಲ ಮುಳುಗಿತು ಅಂತ ಎಣಿಸಬೇಕು. ಪಿಸಿಯಲ್ಲಿ ಈ ಬಟ್ಟಲಿನ ಕೆಲಸಕ್ಕೆ ಒಂದು ಟೈಮರ್ ಚಿಪ್ ಇತ್ತು. ಅದರ ವೇಗ ಸೆಕೆಂಡಿಗೆ ಸುಮಾರು 11 ಲಕ್ಷ 93 ಸಾವಿರ. ಯಾಕೆ ಇಂಥ ವಿಚಿತ್ರ ಸಂಖ್ಯೆ? ಅಮೆರಿಕದ ಕಲರ್ ಟಿವಿಯ ಬಣ್ಣದ ಸಂಕೇತದ ಆವರ್ತನದಲ್ಲಿ ಮೂರನೇ ಒಂದು ಭಾಗ ಅದು. ಟಿವಿಗೂ ಹೊಂದುವ, ಅಗ್ಗಕ್ಕೆ ಸಿಗುವ ಸ್ಫಟಿಕ ಅಂತ ಅದನ್ನೇ 1981ರ ಐಬಿಎಂ ಪಿಸಿಗೆ ಹಾಕಿದರು. ಗಂಟೆ ಹೇಳಲು ಟಿವಿಯ ಬಿಡಿಭಾಗ!

ಈ ಚಿಪ್ ಪ್ರತಿ ಸಲ ತಟ್ಟಿದಾಗ ಕರ್ನಲ್, ಅಂದರೆ ಆಪರೇಟಿಂಗ್ ಸಿಸ್ಟಮಿನ ತಿರುಳು, ಒಂದು ಟಿಕ್ ಎಣಿಸಿಕೊಳ್ಳುತ್ತದೆ. ಮೊದಲು ಸಾಮಾನ್ಯ ಪಿಸಿಯ ಲಿನಕ್ಸಿನಲ್ಲಿ ಸೆಕೆಂಡಿಗೆ 100 ಟಿಕ್ ಇತ್ತು. 2.6 ಆವೃತ್ತಿಯಲ್ಲಿ 1000ಕ್ಕೆ ಏರಿಸಿದರು. 2005ರಲ್ಲಿ ಮತ್ತೆ 250ಕ್ಕೆ ಇಳಿಸಿದರು.

ಈಗ ಪಿಜಿಗೆ ಬನ್ನಿ. ನೂರು ಗೆಸ್ಟ್‌ಗಳು, ಪ್ರತಿಯೊಂದಕ್ಕೂ ಸೆಕೆಂಡಿಗೆ 1000 ಟಿಕ್ ಬೇಕು. ಓನರ್ ಸೆಕೆಂಡಿಗೆ ಒಂದು ಲಕ್ಷ ಸಲ ಬಾಗಿಲು ತಟ್ಟಬೇಕು, ಬರೀ ಗಂಟೆ ಹೇಳುವುದಕ್ಕೆ! ಅದೂ ಆಗಲ್ಲ. ಬಟ್ಟಲು ನೋಡುವವನು ತೂಕಡಿಸಿದಾಗ ಮುಳುಗಿದ ಬಟ್ಟಲುಗಳು ಲೆಕ್ಕಕ್ಕೆ ಬರುವುದಿಲ್ಲ. ಗೆಸ್ಟಿನ ಗಡಿಯಾರ ಹಿಂದೆ ಬೀಳುತ್ತದೆ.

ಹೈಪರ್‌ವೈಸರ್ ಬರೆದವರು ಇದಕ್ಕೆ ಉಪಾಯ ಮಾಡಿದರು. ತಪ್ಪಿಹೋದ ಟಿಕ್‌ಗಳನ್ನು ಬರೆದಿಟ್ಟುಕೊಂಡು, ಗೆಸ್ಟ್ ಎದ್ದ ಮೇಲೆ ಎಲ್ಲವನ್ನೂ ಬೇಗಬೇಗ ಕೊಡುವುದು. ಅತ್ತ ಲಿನಕ್ಸಿನವರೂ ಸುಮ್ನೆ ಕೂರಲಿಲ್ಲ. ಟಿಕ್ ತಪ್ಪಿದೆ ಅಂತ ಕಂಡರೆ ಕರ್ನಲ್ ತಾನೇ ಸೇರಿಸಿಕೊಳ್ಳುವ ಹಾಗೆ ಮಾಡಿದ್ದರು. ಎರಡೂ ಸೇರಿದರೆ ಏನಾಗುತ್ತದೆ? ಅಪ್ಪನೂ ಅಮ್ಮನೂ ಒಬ್ಬರಿಗೊಬ್ಬರು ಹೇಳದೆ ಸಾಂಬಾರಿಗೆ ಉಪ್ಪು ಹಾಕಿದ ಹಾಗಾಯಿತು. ಗಡಿಯಾರ ಮುಂದೆ ಓಡತೊಡಗಿತು. ಆ ಕಾಲದಲ್ಲಿ ವಿಎಂ (ವರ್ಚುವಲ್ ಮಷೀನ್) ನೋಡಿಕೊಂಡವರ ಹತ್ತಿರ ಕೂತರೆ, ಕರ್ನಲ್ಲಿಗೆ ಬೂಟ್ ಮಾಡುವಾಗ ಯಾವ ಆಯ್ಕೆ ಕೊಡಬೇಕು ಎಂಬ ಚೀಟಿಯ ಕಥೆ ಈಗಲೂ ಹೇಳುತ್ತಾರೆ. ಪ್ರತಿ ಆವೃತ್ತಿಗೂ ಬೇರೆ ಚೀಟಿ.

ಎಣಿಸುವುದನ್ನೇ ಬಿಟ್ಟರೆ ಹೇಗೆ? 1993ರ ಪೆಂಟಿಯಂನಿಂದ ಪ್ರೊಸೆಸರಿನೊಳಗೇ ಒಂದು ಮೀಟರ್ ಬಂದಿದೆ, ಹೆಸರು ಟಿಎಸ್‌ಸಿ. ಆಟೋ ಮೀಟರ್ ಥರ ಅದರ ಪಾಡಿಗೆ ಅದು ಏರುತ್ತಿರುತ್ತದೆ. ಬೇಕಾದಾಗ ಓದಿಕೊಂಡರೆ ಆಯಿತು, ಸರದಿಗಳ ನಡುವೆ ಗೆಸ್ಟ್ ಎಷ್ಟು ಮಲಗಿದರೂ ನಷ್ಟವಿಲ್ಲ. ಮೊದಮೊದಲು ಇದನ್ನೂ ನಂಬುವಂತಿರಲಿಲ್ಲ. ಕರೆಂಟ್ ಉಳಿಸಲು ಪ್ರೊಸೆಸರ್ ನಿಧಾನವಾದರೆ ಮೀಟರೂ ನಿಧಾನವಾಗುತ್ತಿತ್ತು. 2008ರ ಆಸುಪಾಸಿನಿಂದ ಬಂದ ಪ್ರೊಸೆಸರುಗಳಲ್ಲಿ ಮೀಟರಿನ ವೇಗ ಬದಲಾಗುವುದಿಲ್ಲ.

ಆದರೆ ವಿಎಂಗೆ ಒಂದು ದುರಭ್ಯಾಸವಿದೆ, ಮನೆ ಬದಲಾಯಿಸುವುದು. ಒಂದು ಸರ್ವರಿನಲ್ಲಿ ಓಡುತ್ತಿರುವಾಗಲೇ ಎತ್ತಿ ಇನ್ನೊಂದಕ್ಕೆ ಸಾಗಿಸುತ್ತಾರೆ. ಹಳೆಯ ಮನೆಯ ಮೀಟರು ಸೆಕೆಂಡಿಗೆ 300 ಕೋಟಿ ಏರುತ್ತಿತ್ತು, ಹೊಸದು 250 ಕೋಟಿ ಅನ್ನಿ. ಗೆಸ್ಟಿಗೆ ಇದು ಗೊತ್ತಿಲ್ಲ. 300 ಕೋಟಿ ಆದಾಗಲೇ ಒಂದು ಸೆಕೆಂಡು ಅನ್ನುತ್ತಾ ಕೂರುತ್ತದೆ. ಲೆಕ್ಕ ಹಾಕಿ ನೋಡಿ: ನಿಜವಾಗಿ ಒಂದು ಗಂಟೆ ಕಳೆದರೆ ಅದಕ್ಕೆ 50 ನಿಮಿಷ. ಅದಕ್ಕೇ ಈಗಿನ ಪ್ರೊಸೆಸರುಗಳೇ ಗೆಸ್ಟಿಗೆ ತೋರಿಸುವ ಮೀಟರನ್ನು ಕೂಡಿಸಿ, ಗುಣಿಸಿ ಕೊಡುತ್ತವೆ.

ನನಗೆ ಇವೆಲ್ಲಕ್ಕಿಂತ ಇಷ್ಟವಾದ ಪರಿಹಾರ, ಲಿನಕ್ಸಿನದೇ ಹೈಪರ್‌ವೈಸರ್ ಆದ ಕೆವಿಎಂ ಕೊಡುವ ಕೆವಿಎಂ-ಕ್ಲಾಕ್. ಕಾರಣ, ಅದು ನಾಟಕ ಬಿಟ್ಟುಬಿಡುತ್ತದೆ. ಗೆಸ್ಟಿಗೆ ನೀನು ಬಾಡಿಗೆಗಿದ್ದೀಯ ಅಂತ ನೇರವಾಗಿ ಹೇಳುತ್ತದೆ. ಓನರ್ ಮೆಮೊರಿಯ ಒಂದು ಪುಟವನ್ನು ನೋಟಿಸ್ ಬೋರ್ಡ್ ಮಾಡುತ್ತಾನೆ. ಅದರಲ್ಲಿ ಬರೆದಿರುವುದು ಇಷ್ಟು: ಮೀಟರು ಇಷ್ಟಿದ್ದಾಗ ಕಾಲ ಇಷ್ಟಾಗಿತ್ತು, ಅಲ್ಲಿಂದ ಮುಂದೆ ಮೀಟರಿನ ಒಂದು ಹೆಜ್ಜೆಗೆ ಇಷ್ಟು ನ್ಯಾನೊಸೆಕೆಂಡು. ಗೆಸ್ಟ್ ಬೋರ್ಡ್ ನೋಡಿ, ಮೀಟರ್ ಓದಿ, ಗುಣಿಸಿಕೊಳ್ಳುತ್ತದೆ. ಮನೆ ಬದಲಾದರೆ ಹೊಸ ಓನರ್ ಹೊಸ ಬೋರ್ಡ್ ಬರೆಯುತ್ತಾನೆ. ಓನರ್ ಬರೆಯುತ್ತಿರುವಾಗಲೇ ಗೆಸ್ಟ್ ಅರ್ಧ ಓದಿಬಿಟ್ಟರೆ? ಅದಕ್ಕೆ ಬೋರ್ಡಿನ ಮೇಲೆ ಒಂದು ಸಂಖ್ಯೆ ಇದೆ. ಬೆಸ ಇದ್ದರೆ ಇನ್ನೂ ಬರೆಯುತ್ತಿದ್ದಾನೆ, ಕಾಯಿ. ಸಮ ಇದ್ದರೆ ಓದು. ಓದಿದ ಮೇಲೆ ಮತ್ತೊಮ್ಮೆ ನೋಡು, ಸಂಖ್ಯೆ ಬದಲಾಗಿದ್ದರೆ ಮೊದಲಿಂದ ಓದು. ಬೀಗವಿಲ್ಲ, ಜಗಳವಿಲ್ಲ.

ಹಾಗೇ ಇನ್ನೊಂದು ಲೆಕ್ಕವೂ ಗೆಸ್ಟಿಗೆ ಸಿಗುತ್ತದೆ: ನಿನಗೆ ಕೆಲಸವಿದ್ದಾಗ ನಾನು ಪಕ್ಕದವನಿಗೆ ಕೊಟ್ಟ ಹೊತ್ತು ಎಷ್ಟು ಅಂತ. ಲಿನಕ್ಸಿನ ಟಾಪ್ ಕಮ್ಯಾಂಡಿನಲ್ಲಿ ಪ್ರೊಸೆಸರಿನ ಸಾಲಿನ ಕೊನೆಗೆ ಕಾಣುವ ಅಂಕಿ ಅದು, ಸ್ಟೀಲ್ ಟೈಮ್. ಕದ್ದ ಸಮಯ. ಓನರ್ ತಾನೇ ಕದ್ದು ತಾನೇ ಲೆಕ್ಕ ಒಪ್ಪಿಸುತ್ತಾನೆ, ಅಷ್ಟರ ಮಟ್ಟಿಗೆ ಸಜ್ಜನ.

ಸರಿ, ಆದರೆ ಓನರಿನ ಗಡಿಯಾರವೇ ತಪ್ಪಿದ್ದರೆ? ಸ್ಫಟಿಕಗಳು ಬಿಸಿ ಏರಿದ ಹಾಗೆ, ವಯಸ್ಸಾದ ಹಾಗೆ ದಾರಿ ತಪ್ಪುತ್ತವೆ. ಹತ್ತು ಲಕ್ಷಕ್ಕೆ 50ರಷ್ಟು ತಪ್ಪಿದರೂ ದಿನಕ್ಕೆ 4.3 ಸೆಕೆಂಡು. ನಮ್ಮ ತಾತ ತಮ್ಮ ಎಚ್‌ಎಂಟಿಗೆ ಬೆಳಿಗ್ಗೆ ಕೀ ಕೊಟ್ಟು, ಆಕಾಶವಾಣಿಯ ಪೀಪ್ ಸದ್ದಿಗೆ ಮುಳ್ಳು ಸರಿ ಮಾಡುತ್ತಿದ್ದರು. ಕಂಪ್ಯೂಟರಿಗೆ ಆ ಪೀಪ್ ಸದ್ದು ಎನ್‌ಟಿಪಿ, ಅಂದರೆ ನೆಟ್‌ವರ್ಕ್ ಮೂಲಕ ಬೇರೆ ಯಂತ್ರವನ್ನು ಗಂಟೆ ಕೇಳುವ ಕ್ರಮ. ಅಮೆರಿಕದ ಡೇವಿಡ್ ಮಿಲ್ಸ್ 1985ರಲ್ಲಿ ಇದರ ಮೊದಲ ರೂಪ ಪ್ರಕಟಿಸಿದರು. 2024ರ ಜನವರಿಯಲ್ಲಿ ಅವರು ತೀರಿಕೊಂಡಾಗ ಜಗತ್ತಿನ ಕೋಟ್ಯಂತರ ಯಂತ್ರಗಳು ಅವರ ಲೆಕ್ಕದಲ್ಲೇ ಗಂಟೆ ಕೇಳುತ್ತಿದ್ದವು. ಪ್ರಶ್ನೆ ಹೊರಟದ್ದು, ಅಲ್ಲಿ ಮುಟ್ಟಿದ್ದು, ಉತ್ತರ ಹೊರಟದ್ದು, ಇಲ್ಲಿ ಮುಟ್ಟಿದ್ದು. ಈ ನಾಲ್ಕು ಸಮಯ ಬರೆದುಕೊಂಡು ದಾರಿಯಲ್ಲಿ ಆದ ತಡವನ್ನು ಕಳೆಯುವುದು ಅದರ ಉಪಾಯ.

ಎನ್‌ಟಿಪಿಯ ಹಳೆಯ ಪ್ರೋಗ್ರಾಂ ಮುಳ್ಳನ್ನು ದಿಢೀರನೆ ತಿರುಗಿಸಲು ಹಿಂಜರಿಯುತ್ತದೆ. ಮೆಲ್ಲಗೆ ಸರಿಸುವುದಾದರೆ ಸೆಕೆಂಡಿಗೆ ಅರ್ಧ ಮಿಲಿಸೆಕೆಂಡು ಅದರ ಮಿತಿ. ನನ್ನ ಒಂದೂವರೆ ಗಂಟೆಯನ್ನು ಆ ವೇಗದಲ್ಲಿ ತುಂಬಲು 125 ದಿನ ಬೇಕು! ಅಷ್ಟೇ ಅಲ್ಲ, 1000 ಸೆಕೆಂಡಿಗಿಂತ ಜಾಸ್ತಿ ತಪ್ಪಿದ್ದರೆ ಇದು ನನ್ನ ಕೈಲಾಗದು ಅಂತ ಅದು ಎದ್ದು ಹೋಗುತ್ತದೆ. ಈಗ ಹೆಚ್ಚು ಬಳಕೆಯಲ್ಲಿರುವ ಕ್ರೋನಿ ಸ್ವಲ್ಪ ಧೈರ್ಯದ್ದು. 12 ಸೆಕೆಂಡಿಗೆ ಒಂದು ಸೆಕೆಂಡಿನಷ್ಟು ಸರಿಸಬಲ್ಲದು. ಆದರೂ ನನಗೆ 18 ಗಂಟೆ.

ದಿಢೀರನೆ ತಿರುಗಿಸಲು ಏನು ಭಯ? ಮುಂದಕ್ಕೆ ಹಾರಿದರೆ ನಡುವಿನ ನಿಗದಿತ ಕೆಲಸಗಳು ತಪ್ಪಬಹುದು. ಹಿಂದಕ್ಕೆ ಹಾರಿದರೆ ಇನ್ನೂ ಕಷ್ಟ, ಒಂದೇ ನಿಮಿಷ ಎರಡು ಸಲ ಬರುತ್ತದೆ. 2017ರ ಹೊಸ ವರ್ಷದ ಬೆಳಿಗ್ಗೆ, ನಮ್ಮ ಗಂಟೆ 5:30ಕ್ಕೆ, ಜಗತ್ತಿನ ಗಡಿಯಾರಕ್ಕೆ ಒಂದು ಅಧಿಕ ಸೆಕೆಂಡು ಸೇರಿತು. ಕ್ಲೌಡ್‌ಫ್ಲೇರ್ ಕಂಪನಿಯ ಒಂದು ಪ್ರೋಗ್ರಾಂ ಕಾಲ ಹಿಂದೆ ಹೋಗುವುದೇ ಇಲ್ಲ ಅಂತ ನಂಬಿತ್ತು. ಆಗಿನಿಂದ ಈಗಿನವರೆಗೆ ಎಷ್ಟು ಹೊತ್ತು ಅಂತ ಕಳೆದರೆ ಉತ್ತರ ಸೊನ್ನೆಗಿಂತ ಕಡಿಮೆ ಬಂತು, ಪ್ರೋಗ್ರಾಂ ಬಿದ್ದುಹೋಯಿತು. ಅದಕ್ಕೇ ಆಪರೇಟಿಂಗ್ ಸಿಸ್ಟಮಿನಲ್ಲಿ ಎರಡು ಗಡಿಯಾರ. ಒಂದು ಗೋಡೆಯದು, ತಿರುಗಿಸಬಹುದು. ಇನ್ನೊಂದು ಮುಂದಕ್ಕೆ ಮಾತ್ರ ಹೋಗುತ್ತದೆ. ಎಷ್ಟು ಹೊತ್ತಾಯಿತು ಅಂತ ಅಳೆಯಲು ಎರಡನೆಯದೇ ಸರಿ.

ಹಿಂದಿನ ತಿಂಗಳ ಸ್ನ್ಯಾಪ್‌ಶಾಟಿನಿಂದ, ಅಂದರೆ ಆಗಿದ್ದ ಸ್ಥಿತಿಯನ್ನು ಹಾಗೇ ಉಳಿಸಿಟ್ಟ ಪ್ರತಿಯಿಂದ, ವಿಎಂ ಎಬ್ಬಿಸಿದರೆ ಪರಿಸ್ಥಿತಿ ರೇವತಿಯ ಅಪ್ಪ ಕಕುದ್ಮಿಯದು. ಮಗಳಿಗೆ ಗಂಡು ಯಾರು ಅಂತ ಕೇಳಲು ಬ್ರಹ್ಮಲೋಕಕ್ಕೆ ಹೋದ, ಒಂದು ಹಾಡು ಮುಗಿಯುವ ತನಕ ಕಾದ. ಅಷ್ಟರಲ್ಲಿ ಭೂಮಿಯ ಮೇಲೆ ಯುಗಗಳೇ ಕಳೆದಿದ್ದವು. ಪಟ್ಟಿಯಲ್ಲಿದ್ದ ಗಂಡುಗಳು ಯಾರೂ ಉಳಿದಿರಲಿಲ್ಲ.

ಇನ್ನು ಗೋಡೆಯ ಗಡಿಯಾರ ಯಾರದು? ಭಾರತೀಯ ಕಾಲಮಾನ ಕಾಯುವುದು ದೆಹಲಿಯ ರಾಷ್ಟ್ರೀಯ ಭೌತಿಕ ಪ್ರಯೋಗಾಲಯ. 2022ರ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ ಹೊರಡಿಸಿದ ಆದೇಶದ ಪ್ರಕಾರ ಡೇಟಾ ಸೆಂಟರುಗಳು, ಕಂಪನಿಗಳು ಎಲ್ಲವೂ ಆ ಪ್ರಯೋಗಾಲಯದ ಅಥವಾ ಸರ್ಕಾರದ ಮಾಹಿತಿ ತಂತ್ರಜ್ಞಾನ ಸಂಸ್ಥೆ ಎನ್‌ಐಸಿಯ ಗಡಿಯಾರಕ್ಕೆ, ಇಲ್ಲವೇ ಅವಕ್ಕೆ ತಾಳೆಯಾಗುವ ಗಡಿಯಾರಕ್ಕೆ ಹೊಂದಿಕೊಳ್ಳಬೇಕು. ಆ ಕಾಲಮಾನ ಹೊರಡುವುದು 82.5 ಡಿಗ್ರಿ ರೇಖಾಂಶದಿಂದ. ಬೆಂಗಳೂರು ಇರುವುದು 77.6ರಲ್ಲಿ. ಅಂದರೆ ನಮ್ಮ ಸೂರ್ಯ ಗಡಿಯಾರಕ್ಕಿಂತ ಸುಮಾರು 20 ನಿಮಿಷ ಹಿಂದೆ. ನಾವೂ ಒಂದು ಥರದಲ್ಲಿ ಗೆಸ್ಟ್‌ಗಳೇ, ಓನರ್ ಹೇಳಿದ ಗಂಟೆಗೆ ಊಟ ಮಾಡುವವರು.

ಗೆಸ್ಟ್ ಯಾರನ್ನು ಕೇಳಬೇಕು, ಹೋಸ್ಟನ್ನೋ ಎನ್‌ಟಿಪಿಯನ್ನೋ? ಯಾರನ್ನಾದರೂ ಕೇಳಲಿ, ಒಬ್ಬರನ್ನೇ ಕೇಳಲಿ. ಇಬ್ಬರೂ ಮುಳ್ಳು ತಿರುಗಿಸಿದರೆ ಮತ್ತೆ ಅದೇ ಉಪ್ಪಿನ ಕಥೆ. ನನ್ನ ಕೆವಿಎಂ ಗೆಸ್ಟಿನಲ್ಲಿ 2017ರಿಂದ ಕರ್ನಲ್ಲಿನಲ್ಲಿರುವ ಪಿಟಿಪಿ ಡ್ರೈವರ್ ಹಾಕಿದೆ. ಕ್ರೋನಿ ಈಗ ಅದರ ಮೂಲಕ ನೆಟ್‌ವರ್ಕ್ ದಾಟದೆ ಹೋಸ್ಟನ್ನೇ ಕೇಳುತ್ತದೆ. ಒಂದು ಸೆಕೆಂಡಿಗಿಂತ ಜಾಸ್ತಿ ತಪ್ಪಿದ್ದರೆ ಯಾವಾಗ ಬೇಕಾದರೂ ತಿರುಗಿಸು ಅಂತ ಕ್ರೋನಿಗೆ ಒಂದು ಸಾಲು ಬರೆದೆ. ಮೊದಲಿದ್ದ ಸಾಲಿನ ಪ್ರಕಾರ ಅದು ಹಾಗೆ ತಿರುಗಿಸಬಹುದಾಗಿದ್ದದ್ದು ಶುರುವಿನ ಮೂರು ಸಲ ಮಾತ್ರ.

ಆ ದಿನದ ಕಮಿಟ್ ಮಾತ್ರ ಹಾಗೇ ಉಳಿದಿದೆ, ಸಮಯ 9:14. ಆ ಹೊತ್ತಿಗೆ ನಾನು ಬಸ್ಸಿನಲ್ಲಿ ಒಂದು ಕೈಯಲ್ಲಿ ಕಂಬಿ ಹಿಡಿದು, ಇನ್ನೊಂದರಲ್ಲಿ ಚಿಲ್ಲರೆ ಹುಡುಕುತ್ತಾ ನಿಂತಿದ್ದೆ.