ಪಿಸ್ಟನ್ನಿನ ಪ್ರತಿರೋಧ: ಮೊದಲು ಸಂದು, ಆಮೇಲೆ ಸಿಮ್ಯುಲೇಶನ್

ಎಣ್ಣೆ ತುಂಬಿದ ಸಿಲಿಂಡರಿನಲ್ಲಿ ಚಲಿಸುವ ಪಿಸ್ಟನ್ನಿನ ಮೇಲೆ ಬೀಳುವ ಡ್ಯಾಂಪಿಂಗ್ ಬಲವನ್ನು, ಅಂದರೆ ಚಲನೆಯನ್ನು ತಡೆಯುವ ಬಲವನ್ನು, ಹರಿವಿನ ಸಿಮ್ಯುಲೇಶನ್ (ಕಂಪ್ಯೂಟರ್ ಅನುಕರಣೆ) ಮೂಲಕ ಅಂದಾಜು ಮಾಡಿಕೊಡಬೇಕೆಂದು ಬರುವ ವಿನ್ಯಾಸಕಾರರನ್ನು ನಾನು ಮೊದಲು ಕೇಳುವುದು, ಪಿಸ್ಟನ್ನಿಗೂ ಸಿಲಿಂಡರಿನ ಗೋಡೆಗೂ ನಡುವೆ ಇರುವ ಸಂದು ಎಷ್ಟು, ಅದನ್ನು ಅಳೆದದ್ದು ಹೇಗೆ ಎಂದು. ಪಿಸ್ಟನ್ ತಳ್ಳಿದ ಎಣ್ಣೆಯೆಲ್ಲ ಆ ಸಂದಿನಲ್ಲೇ ನುಸುಳಿ ಹಿಂದಕ್ಕೆ ಹೋಗಬೇಕಾದ್ದರಿಂದ ಪಿಸ್ಟನ್ನಿನ ಎರಡು ಮುಖಗಳ ನಡುವೆ ಒತ್ತಡದ ವ್ಯತ್ಯಾಸ ಉಂಟಾಗುತ್ತದೆ. ಬಲದ ಬಹುಪಾಲು ಅದೇ, ಪಕ್ಕದ ಮೈಮೇಲಿನ ಸ್ನಿಗ್ಧ ಎಳೆತ (ಎಣ್ಣೆಯ ಅಂಟುತನದಿಂದ ಬರುವ ಎಳೆತ) ತೀರಾ ಅಲ್ಪ.

ಹರಿವು ಪದರಪದರವಾಗಿದ್ದು ಸಂದು ಸುತ್ತಲೂ ಸಮನಾಗಿದ್ದರೆ ಕೈಲೆಕ್ಕವೇ ಸಾಕು. ಬಲ ಸಿಗಲು, ಸ್ನಿಗ್ಧತೆ (ಎಣ್ಣೆಯ ಅಂಟುತನದ ಅಳತೆ), ಪಿಸ್ಟನ್ನಿನ ಉದ್ದ ಮತ್ತು ವೇಗಗಳ ಗುಣಲಬ್ಧವನ್ನು 6 ಪೈಯಿಂದಲೂ, ತ್ರಿಜ್ಯವನ್ನು ಸಂದಿನಿಂದ ಭಾಗಿಸಿ ಬಂದ ಸಂಖ್ಯೆಯ ಘನದಿಂದಲೂ ಗುಣಿಸಬೇಕು. ತ್ರಿಜ್ಯ 20 ಮಿ.ಮೀ., ಉದ್ದ 30 ಮಿ.ಮೀ., ಸಂದು 0.1 ಮಿ.ಮೀ., ಸ್ನಿಗ್ಧತೆ 0.1 ಪಾಸ್ಕಲ್-ಸೆಕೆಂಡ್, ವೇಗ ಸೆಕೆಂಡಿಗೆ 10 ಮಿ.ಮೀ. ಇದ್ದರೆ ಸುಮಾರು 4,500 ನ್ಯೂಟನ್ ಬರುತ್ತದೆ. ಸಂದು 0.08 ಮಿ.ಮೀ.ಗೆ ಇಳಿದರೆ ಬಲ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ. ಯಂತ್ರದಲ್ಲಿ ಕಡೆಯುವಾಗ ಸಹಜವಾಗಿ ಉಳಿಯುವ ಅಷ್ಟು ಸಣ್ಣ ವ್ಯತ್ಯಾಸವನ್ನು ಯಾವ ಸಾಫ್ಟ್‌ವೇರ್ ಕೂಡ ತಾನಾಗಿ ಊಹಿಸಲಾರದು.

ವೇಗ ಸ್ಥಿರವಾಗಿದ್ದರೆ ಮೆಶ್ಶನ್ನು (ಲೆಕ್ಕಕ್ಕಾಗಿ ಎಣ್ಣೆಯ ಜಾಗವನ್ನು ಸಣ್ಣ ಕೋಶಗಳಾಗಿ ಒಡೆಯುವ ಜಾಲವನ್ನು) ಚಲಿಸುವಂತೆ ಮಾಡುವ ಗೋಜಿಗೆ ನಾನು ಹೋಗುವುದಿಲ್ಲ. ಪಿಸ್ಟನ್ನನ್ನು ನಿಲ್ಲಿಸಿ, ಸಿಲಿಂಡರಿನ ಗೋಡೆಯನ್ನೂ ಎಣ್ಣೆಯನ್ನೂ ಅದೇ ವೇಗದಲ್ಲಿ ಎದುರು ದಿಕ್ಕಿಗೆ ಸಾಗಿಸಿದರೆ ಸಿಗುವ ಬಲ ಅದೇ, ಹಿಡಿಯುವ ಸಮಯ ಮಾತ್ರ ಎಷ್ಟೋ ಕಡಿಮೆ. ಸಂದಿನ ಅಡ್ಡಕ್ಕೆ ಕನಿಷ್ಠ ಹತ್ತು ಕೋಶಗಳಾದರೂ ಇರಲಿ; ಎರಡು ಮೂರು ಕೋಶಗಳಲ್ಲಿ ವೇಗದ ಪರವಲಯಾಕಾರ ಮೂಡುವುದೇ ಇಲ್ಲ, ಆದರೂ ಚಿತ್ರ ಅಂದವಾಗಿ ಕಾಣುವುದರಿಂದ ತಪ್ಪು ಕಣ್ಣಿಗೆ ಬೀಳುವುದಿಲ್ಲ.

ಒಮ್ಮೆ ನನ್ನ ಲೆಕ್ಕ ಪರೀಕ್ಷೆಯಲ್ಲಿ ಅಳೆದ ಬಲದ ಎರಡು ಪಟ್ಟಿಗೂ ಮೀರಿತ್ತು. ಮೆಶ್, ಎಣ್ಣೆ, ಗಡಿ ನಿಬಂಧನೆಗಳೆಲ್ಲ (ಗೋಡೆ, ಅಂಚುಗಳಲ್ಲಿ ಕೊಡುವ ವೇಗ, ಒತ್ತಡಗಳು) ಸರಿಯಾಗಿಯೇ ಇದ್ದವು. ಆದರೆ ಪಿಸ್ಟನ್ ಒಂದು ಬದಿಗೆ ವಾಲಿತ್ತು. ಅದು ಗೋಡೆಗೆ ಪೂರ್ತಿ ಒರಗಿದರೆ, ಅದೇ ಒತ್ತಡಕ್ಕೆ ಎರಡೂವರೆ ಪಟ್ಟು ಎಣ್ಣೆ ಹರಿಯುತ್ತದೆ, ಅಂದರೆ ಅದೇ ವೇಗದಲ್ಲಿ ಮೇಲಿನ 4,500 ನ್ಯೂಟನ್ 1,800ಕ್ಕೆ ಕುಸಿಯುತ್ತದೆ. ಅಕ್ಷದ ಸುತ್ತ ಸಮ್ಮಿತಿಯನ್ನು ಮುಂಚಿತವಾಗಿಯೇ ಒಪ್ಪಿಕೊಂಡ ನನ್ನ ಮಾದರಿಗೆ ಆ ವಾಲುವಿಕೆ ಕಾಣುವಂತೆಯೇ ಇರಲಿಲ್ಲ.

ಪಿಸ್ಟನ್ನಿನಲ್ಲಿ ರಂಧ್ರಗಳೋ ಕವಾಟಗಳೋ ಇದ್ದು ವೇಗವೂ ಹೆಚ್ಚಿದ್ದರೆ ಮಾತು ಬೇರೆ: ಅಲ್ಲಿ ಬಲ ವೇಗದ ವರ್ಗಕ್ಕೆ ಅನುಗುಣವಾಗಿ ಏರತೊಡಗುತ್ತದೆ, ಅಂಚುಗಳ ಆಕಾರವೂ ಲೆಕ್ಕಕ್ಕೆ ಬರುತ್ತದೆ, ಸಿಮ್ಯುಲೇಶನ್ನಿನ ನಿಜವಾದ ಅಗತ್ಯ ಇರುವುದು ಅಲ್ಲೇ. ಡ್ಯಾಂಪರ್ (ಇಂಥ ಪಿಸ್ಟನ್-ಸಿಲಿಂಡರ್ ಸಾಧನ) ನುಂಗಿದ ಶಕ್ತಿಯೆಲ್ಲ ಎಣ್ಣೆಯನ್ನು ಬಿಸಿಮಾಡಿ ಸ್ನಿಗ್ಧತೆಯನ್ನು ಇಳಿಸುವುದರಿಂದ, ತಣ್ಣಗಿನ ಎಣ್ಣೆಗೊಂದು, ಬಿಸಿ ಎಣ್ಣೆಗೊಂದು, ಹೀಗೆ ಎರಡು ಬಲಗಳನ್ನು ನಾನು ವರದಿಯಲ್ಲಿ ಬರೆದುಕೊಡುತ್ತೇನೆ.