ವೈರಸ್ ಬಂದಿದೆ ಅನ್ನಿಸಿದರೆ, ಫಾರ್ಮ್ಯಾಟ್ ಹೊಡೆಸುವ ಮುಂಚೆ

ಪ್ರಶ್ನೆ: ನಮ್ಮದು ಹುಬ್ಬಳ್ಳಿ, ವಿದ್ಯಾನಗರ. ಮನೆಯ ವಿಂಡೋಸ್ ಕಂಪ್ಯೂಟರಿನಲ್ಲಿ ಒಂದು ವಾರದಿಂದ ಬಲಗಡೆ ಕೆಳಮೂಲೆಯಲ್ಲಿ ‘ವೈರಸ್ ಸಿಕ್ಕಿದೆ, ಕೂಡಲೇ ತೆಗೆಯಿರಿ’ ಅಂತ ಇಂಗ್ಲಿಷಿನಲ್ಲಿ ಸಂದೇಶ ಬರುತ್ತಲೇ ಇದೆ. ಮಷೀನೂ ಸ್ಲೋ ಆಗಿದೆ. ಅಂಗಡಿಯವರನ್ನು ಕೇಳಿದರೆ ‘ಫಾರ್ಮ್ಯಾಟ್ ಹೊಡೀಬೇಕ್ರಿ’ ಅಂದರು. ಮಗಳ ಪ್ರಾಜೆಕ್ಟ್, ಮನೆಯವರ ಫೋಟೋ ಎಲ್ಲ ಅದರಲ್ಲೇ ಇವೆ. ನಿಜವಾಗಿ ವೈರಸ್ ಇದೆಯಾ ಅಂತ ನಾವೇ ತಿಳಿಯುವುದು ಹೇಗೆ?

ಉತ್ತರ: ಸದ್ಯಕ್ಕೆ ಫಾರ್ಮ್ಯಾಟ್, ಅಂದರೆ ಎಲ್ಲ ಅಳಿಸಿ ವಿಂಡೋಸನ್ನು ಹೊಸದಾಗಿ ಹಾಕುವುದು, ಬೇಡ. ಏನು ಬಂದಿತ್ತು, ಎಲ್ಲಿಂದ ಬಂತು ಅನ್ನುವ ಗುರುತೆಲ್ಲ ಅದರ ಜೊತೆ ಅಳಿಸಿಹೋಗುತ್ತದೆ. ಪಾಸ್‌ವರ್ಡ್ ಈಗಾಗಲೇ ಕದ್ದುಹೋಗಿದ್ದರೆ ಫಾರ್ಮ್ಯಾಟ್ ಮಾಡಿದರೂ ಅದು ವಾಪಸ್ ಬರುವುದಿಲ್ಲ. ಪರೀಕ್ಷೆ ಮುಗಿಯುವವರೆಗೆ ಒಂದೇ ಒಂದು ಎಚ್ಚರ ಸಾಕು: ಆ ಕಂಪ್ಯೂಟರಿನಲ್ಲಿ ಬ್ಯಾಂಕಿನ ಕೆಲಸ ಮಾಡಬೇಡಿ.

ಮೊದಲು ಆ ಮೂಲೆಯ ಸಂದೇಶವನ್ನು ನೋಡೋಣ. ಮುಂದಿನ ಸಲ ಬಂದಾಗ ಅದರ ಮೇಲೆ ಒತ್ತದೆ, ಸಣ್ಣ ಅಕ್ಷರಗಳನ್ನು ಓದಿ. ‘ಗೂಗಲ್ ಕ್ರೋಮ್’ ಅಂತ ಇದ್ದು, ಪಕ್ಕದಲ್ಲೋ ಕೆಳಗೋ ನೀವು ಕೇಳೇ ಇರದ ಒಂದು ವೆಬ್‌ಸೈಟಿನ ಹೆಸರಿದ್ದರೆ, ಅದು ವೈರಸ್ ಹಿಡಿದ ಸುದ್ದಿಯಲ್ಲ. ಆ ಸೈಟು ಕಳಿಸುತ್ತಿರುವ ನೋಟಿಫಿಕೇಶನ್, ಅಷ್ಟೇ. ಪುಕ್ಕಟೆ ಕ್ರಿಕೆಟ್ ತೋರಿಸುವ ಸೈಟಿನಲ್ಲೋ, ಹಳೆಯ ಪ್ರಶ್ನೆಪತ್ರಿಕೆ ಹುಡುಕುವಾಗಲೋ ‘ನೀವು ರೋಬೋಟ್ ಅಲ್ಲ ಅಂತ ತೋರಿಸಲು ಅಲೋ ಒತ್ತಿ’ ಅಂತ ಬಂದಿರುತ್ತದೆ, ಮನೆಯವರು ಯಾರೋ ಒತ್ತಿರುತ್ತಾರೆ. ಕ್ರೋಮ್‌ನ ಸೆಟ್ಟಿಂಗ್ಸ್‌ನಲ್ಲಿ ಪ್ರೈವೆಸಿ ಅಂಡ್ ಸೆಕ್ಯುರಿಟಿ, ಅಲ್ಲಿ ಸೈಟ್ ಸೆಟ್ಟಿಂಗ್ಸ್, ಅದರೊಳಗೆ ನೋಟಿಫಿಕೇಶನ್ಸ್ ತೆರೆಯಿರಿ. ಗುರುತಿಲ್ಲದ ಸೈಟುಗಳನ್ನೆಲ್ಲ ತೆಗೆದುಹಾಕಿ. ಹೆಚ್ಚಿನ ಮನೆಗಳಲ್ಲಿ ‘ವೈರಸ್’ ಇಲ್ಲಿಗೇ ಮುಗಿಯುತ್ತದೆ. ಹಾಗೆಯೇ ಎಕ್ಸ್‌ಟೆನ್ಶನ್‌ಗಳ, ಅಂದರೆ ಕ್ರೋಮ್‌ಗೆ ಸೇರಿಸಿಕೊಳ್ಳುವ ಸಣ್ಣ ಪ್ರೋಗ್ರಾಂಗಳ ಪಟ್ಟಿಯನ್ನೂ ನೋಡಿ, ನೀವು ಹಾಕಿಕೊಳ್ಳದ್ದು ಇದ್ದರೆ ಕಿತ್ತುಹಾಕಿ.

ಪರದೆ ತುಂಬ ಎಚ್ಚರಿಕೆ ಬಂದು, ಫೋನ್ ನಂಬರ್ ಕೊಟ್ಟು ‘ಮೈಕ್ರೋಸಾಫ್ಟ್‌ಗೆ ಕರೆ ಮಾಡಿ’ ಅಂದರೆ ಅದು ಮೋಸ. ಮೈಕ್ರೋಸಾಫ್ಟ್‌ನ ನಿಜವಾದ ಎಚ್ಚರಿಕೆಯಲ್ಲಿ ಫೋನ್ ನಂಬರ್ ಇರುವುದೇ ಇಲ್ಲ. ಆ ನಂಬರಿಗೆ ಕರೆ ಮಾಡಿ, ಅವರು ಹೇಳಿದಂತೆ ಎನಿಡೆಸ್ಕ್ (ದೂರದಿಂದಲೇ ನಿಮ್ಮ ಕಂಪ್ಯೂಟರ್ ನಡೆಸಲು ಬಿಡುವ ಪ್ರೋಗ್ರಾಂ) ಹಾಕಿಕೊಂಡರೆ ನಿಮ್ಮ ಕೈಯಾರೆ ಕಳ್ಳನನ್ನು ಒಳಗೆ ಕರೆದಂತೆ.

ಇನ್ನು ಸ್ಲೋ ಆಗಿರುವ ವಿಷಯ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ಬರುತ್ತದೆ. ಡಿಸ್ಕ್ ಕಾಲಂ ಸದಾ ಶೇ 100ರ ಹತ್ತಿರ ಇದ್ದು, ಒಳಗಿರುವುದು ಹಳೆಯ ಹಾರ್ಡ್ ಡಿಸ್ಕ್ ಆಗಿದ್ದರೆ ತೊಂದರೆ ಬಹುಮಟ್ಟಿಗೆ ಡಿಸ್ಕಿನದೇ. ಅದರ ಬದಲು ವೇಗದ ಹೊಸ ಬಗೆಯ ಡಿಸ್ಕ್ ಆದ ಎಸ್‌ಎಸ್‌ಡಿ ಹಾಕಿಸಿದರೆ ಮಷೀನು ಮತ್ತೆ ಚುರುಕಾಗುತ್ತದೆ. ಡಿಸ್ಕ್ ಕೆಡುತ್ತಿರುವ ಸೂಚನೆಯೂ ಅದಾಗಿರಬಹುದು, ಆದ್ದರಿಂದ ಫೋಟೋಗಳನ್ನು ಇವತ್ತೇ ಬೇರೆ ಕಡೆ ಕಾಪಿ ಮಾಡಿಡಿ.

ಸಿಪಿಯು ಕಾಲಂ ಬೇರೆಯದೇ ಕಥೆ ಹೇಳಬಹುದು. ಏನೂ ಕೆಲಸ ಕೊಡದಿದ್ದರೂ ಫ್ಯಾನ್ ಜೋರಾಗಿ ತಿರುಗುತ್ತಿದೆ, ಟಾಸ್ಕ್ ಮ್ಯಾನೇಜರ್ ತೆರೆದ ಕೂಡಲೇ ತಣ್ಣಗಾಗುತ್ತದೆ, ಮುಚ್ಚಿದ ಸ್ವಲ್ಪ ಹೊತ್ತಿಗೆ ಮತ್ತೆ ಶುರು. ಹೀಗಿದ್ದರೆ ಅನುಮಾನ ಪಡಲೇಬೇಕು. ನಿಮ್ಮ ಕರೆಂಟಿನಲ್ಲಿ ಬೇರೆಯವರಿಗೆ ಕ್ರಿಪ್ಟೋ ಹಣ ದುಡಿಯುವ ಕೆಲವು ಮೈನರ್‌ಗಳು ಟಾಸ್ಕ್ ಮ್ಯಾನೇಜರ್ ತೆರೆದದ್ದನ್ನು ಕಂಡು ಸುಮ್ಮನಾಗುತ್ತವೆ.

ಟಾಸ್ಕ್ ಮ್ಯಾನೇಜರಿನ ಪಟ್ಟಿಯಲ್ಲಿ ಅನುಮಾನ ಬಂದ ಹೆಸರಿನ ಮೇಲೆ ರೈಟ್ ಕ್ಲಿಕ್ ಮಾಡಿ, ‘ಓಪನ್ ಫೈಲ್ ಲೊಕೇಶನ್’ ಒತ್ತಿ. ಎಸ್‌ವಿಸಿಹೋಸ್ಟ್ (svchost) ಎಂಬ ಹೆಸರು ಹತ್ತಾರು ಸಲ ಕಂಡರೆ ಗಾಬರಿ ಬೇಡ, ವಿಂಡೋಸ್ ಇರುವುದೇ ಹಾಗೆ. ಆದರೆ ಅದು ವಿಂಡೋಸ್ ಫೋಲ್ಡರಿನ ಸಿಸ್ಟಮ್32 ಒಳಗಿರಬೇಕು. ಅದೇ ಹೆಸರು ಟೆಂಪ್ (Temp) ಫೋಲ್ಡರಿನಲ್ಲೋ ಆಪ್‌ಡೇಟಾ (AppData) ಫೋಲ್ಡರಿನಲ್ಲೋ ಸಿಕ್ಕರೆ ಅದು ವೇಷ ಹಾಕಿದ ಕಳ್ಳ. ಹಾಗಂತ ಆಪ್‌ಡೇಟಾದಲ್ಲಿ ಇರುವುದೆಲ್ಲ ಕೆಟ್ಟದ್ದಲ್ಲ, ಝೂಮ್‌ನಂಥ ಸಾಚಾ ಪ್ರೋಗ್ರಾಂಗಳೂ ಅಲ್ಲೇ ಕೂರುತ್ತವೆ. ತೀರ್ಮಾನಕ್ಕೆ ಬರಲಾಗದಿದ್ದರೆ ಆ ಫೈಲನ್ನು ವೈರಸ್‌ಟೋಟಲ್ ಸೈಟಿಗೆ ಹಾಕಿ. ಹತ್ತಾರು ಆಂಟಿವೈರಸ್‌ಗಳು ಅದನ್ನು ಒಟ್ಟಿಗೆ ಪರೀಕ್ಷಿಸುತ್ತವೆ. ಒಂದೆರಡು ಮಾತ್ರ ಕೆಂಪು ತೋರಿಸಿದರೆ ತಪ್ಪು ಗುರುತಿರಬಹುದು, ಇಪ್ಪತ್ತು ಮೂವತ್ತು ತೋರಿಸಿದರೆ ಮಾತೇ ಬೇಡ. ಆಧಾರ್, ಬ್ಯಾಂಕ್ ಕಾಗದಗಳನ್ನು ಮಾತ್ರ ಅಲ್ಲಿಗೆ ಹಾಕಬೇಡಿ, ಹಾಕಿದ ಫೈಲುಗಳು ಬೇರೆ ಕಂಪನಿಗಳ ಕೈಗೂ ಸಿಗುತ್ತವೆ.

ಈಗ ಸ್ಕ್ಯಾನ್. ಇದಕ್ಕೆ ದುಡ್ಡು ಕೊಡಬೇಕಿಲ್ಲ. ಡಿಫೆಂಡರ್ ಅನ್ನುವ ಆಂಟಿವೈರಸ್ ವಿಂಡೋಸ್ ಜೊತೆಗೇ ಬರುತ್ತದೆ. ವಿಂಡೋಸ್ ಸೆಕ್ಯುರಿಟಿಯ ವೈರಸ್ ವಿಭಾಗದಲ್ಲಿ ಸ್ಕ್ಯಾನ್ ಆಪ್ಶನ್ಸ್ ತೆರೆದು ‘ಮೈಕ್ರೋಸಾಫ್ಟ್ ಡಿಫೆಂಡರ್ ಆಫ್‌ಲೈನ್ ಸ್ಕ್ಯಾನ್’ ಆರಿಸಿ. ತೆರೆದ ಕೆಲಸವನ್ನೆಲ್ಲ ಮೊದಲು ಸೇವ್ ಮಾಡಿಕೊಳ್ಳಿ, ಏಕೆಂದರೆ ಕಂಪ್ಯೂಟರ್ ರೀಸ್ಟಾರ್ಟ್ ಆಗುತ್ತದೆ. ವಿಂಡೋಸ್ ಪೂರ್ತಿ ಶುರುವಾಗುವ ಮೊದಲೇ ಹುಡುಕುವುದರಿಂದ ಅಡಗಿ ಕೂರುವ ವೈರಸ್‌ಗೂ ಅಡಗುವುದು ಕಷ್ಟ. ಸಾಮಾನ್ಯವಾಗಿ 15 ನಿಮಿಷದ ಕೆಲಸ. ಏನು ಸಿಕ್ಕಿತು ಅಂತ ಪ್ರೊಟೆಕ್ಷನ್ ಹಿಸ್ಟರಿಯಲ್ಲಿ ಬರೆದಿರುತ್ತದೆ.

ಅಲ್ಲೇ ಸೆಟ್ಟಿಂಗ್ಸ್‌ನಲ್ಲಿ ‘ಎಕ್ಸ್‌ಕ್ಲೂಶನ್ಸ್’ ಅಂತ ಇದೆ. ಇದನ್ನು ತಪ್ಪದೆ ನೋಡಿ, ಬಹಳ ಜನ ನೋಡುವುದಿಲ್ಲ. ‘ಈ ಫೋಲ್ಡರ್ ತಪಾಸಣೆ ಮಾಡಬೇಡ’ ಅಂತ ಡಿಫೆಂಡರ್‌ಗೆ ಹೇಳುವ ಪಟ್ಟಿ ಅದು. ಕೆಲವು ವೈರಸ್‌ಗಳು ಒಳಗೆ ಬಂದ ಮೇಲೆ ತಮ್ಮ ಜಾಗವನ್ನು ಇಲ್ಲಿ ಬರೆದುಕೊಂಡುಬಿಡುತ್ತವೆ. ಇಡೀ ಸಿ ಡ್ರೈವ್ ಆ ಪಟ್ಟಿಯಲ್ಲಿದ್ದರೆ ಎಷ್ಟು ಸ್ಕ್ಯಾನ್ ಮಾಡಿದರೂ ‘ಎಲ್ಲ ಸರಿ ಇದೆ’ ಅಂತಲೇ ಬರುತ್ತದೆ, ಅಲ್ವಾ? ನೀವು ಸೇರಿಸದ್ದನ್ನು ತೆಗೆದು ಮತ್ತೊಮ್ಮೆ ಸ್ಕ್ಯಾನ್ ಮಾಡಿ.

ಪ್ರೊಟೆಕ್ಷನ್ ಹಿಸ್ಟರಿಯಲ್ಲಿ ‘ಹ್ಯಾಕ್‌ಟೂಲ್’, ‘ಆಟೋಕೆಎಂಎಸ್’ ಅನ್ನುವ ಹೆಸರು ಕಂಡರೆ, ಬಹುಮಟ್ಟಿಗೆ ನಿಮ್ಮ ಕಂಪ್ಯೂಟರಿಗೆ ಲೈಸೆನ್ಸ್ ಇಲ್ಲದ ವಿಂಡೋಸ್ ಅಥವಾ ಆಫೀಸ್ ಹಾಕಿದ್ದಾರೆ ಅಂತ ಅರ್ಥ. ಕ್ರ್ಯಾಕ್ (ಲೈಸೆನ್ಸ್ ಇಲ್ಲದೆ ನಡೆಯುವಂತೆ ಮಾಡುವ ಕಳ್ಳ ಪ್ರೋಗ್ರಾಂ) ಓಡಿಸಲು ಸಾಮಾನ್ಯವಾಗಿ ಮೊದಲು ಆಂಟಿವೈರಸ್ ಆಫ್ ಮಾಡಬೇಕು, ಆ ಹೊತ್ತಿಗೆ ಜೊತೆಗೆ ಇನ್ನೇನು ಒಳಗೆ ಬಂತು ಅಂತ ಯಾರಿಗೂ ಗೊತ್ತಿರುವುದಿಲ್ಲ. ನನ್ನ ಪ್ರಕಾರ ಮನೆ ಕಂಪ್ಯೂಟರಿಗೆ ಇದಕ್ಕಿಂತ ದೊಡ್ಡ ಅಪಾಯ ಇಲ್ಲ.

ಪೆನ್‌ಡ್ರೈವ್‌ನ ಮಾತೂ ಬರಬೇಕು. ಝೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ತೆಗೆಸಿ ಮನೆಗೆ ತಂದು ಹಾಕಿದರೆ ಕೆಲವೊಮ್ಮೆ ಫೋಲ್ಡರ್‌ಗಳೆಲ್ಲ ಶಾರ್ಟ್‌ಕಟ್ ಆಗಿರುತ್ತವೆ. ಅವನ್ನು ತೆರೆಯಬೇಡಿ, ತೆರೆದರೆ ಓಡುವುದು ವೈರಸ್. ನಿಮ್ಮ ಫೈಲುಗಳನ್ನು ಅದು ಸಾಮಾನ್ಯವಾಗಿ ಅಳಿಸಿರುವುದಿಲ್ಲ, ಬಚ್ಚಿಟ್ಟಿರುತ್ತದೆ. ಮೊದಲು ಸ್ಕ್ಯಾನ್ ಮಾಡಿ, ಆಮೇಲೆ ಫೋಲ್ಡರ್ ಆಪ್ಶನ್ಸ್‌ನಲ್ಲಿ ಹಿಡನ್ ಫೈಲುಗಳನ್ನೂ ಪ್ರೊಟೆಕ್ಟೆಡ್ ಸಿಸ್ಟಮ್ ಫೈಲುಗಳನ್ನೂ ತೋರಿಸುವಂತೆ ಮಾಡಿದರೆ ಕಾಣುತ್ತವೆ.

ನಿಜವಾಗಿ ಏನಾದರೂ ಸಿಕ್ಕರೆ? ‘ಸ್ಟೀಲರ್’ ಅಥವಾ ‘ಪಿಡಬ್ಲ್ಯೂಎಸ್’ ಅಂತ ಹೆಸರಿದ್ದರೆ ಬ್ರೌಸರಿನಲ್ಲಿ ಸೇವ್ ಮಾಡಿದ ಪಾಸ್‌ವರ್ಡ್‌ಗಳು ಹೋಗಿವೆ ಅಂತಲೇ ತಿಳಿಯಿರಿ. ಪಾಸ್‌ವರ್ಡ್ ಬದಲಿಸುವುದು ಆ ಕಂಪ್ಯೂಟರಿನಿಂದ ಅಲ್ಲ, ಫೋನಿನಿಂದ. ಜಿಮೇಲ್ ಮೊದಲು, ಏಕೆಂದರೆ ಉಳಿದ ಪಾಸ್‌ವರ್ಡ್ ರೀಸೆಟ್‌ಗಳೆಲ್ಲ ಅಲ್ಲಿಗೇ ಬರುತ್ತವೆ. ಬೇರೆ ಎಲ್ಲ ಸಾಧನಗಳಿಂದ ಸೈನ್ ಔಟ್ ಕೂಡ ಮಾಡಿ, ಕಳ್ಳರು ಪಾಸ್‌ವರ್ಡ್ ಇಲ್ಲದೆ ಕುಕೀಯಿಂದಲೇ (ನೀವು ಲಾಗಿನ್ ಆಗಿದ್ದೀರಿ ಅಂತ ಬ್ರೌಸರಿನಲ್ಲಿ ಉಳಿಯುವ ಗುರುತು) ಒಳಗೆ ಬರಬಲ್ಲರು. ಹಣ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಕರೆ ಮಾಡಿ, ಬ್ಯಾಂಕಿಗೂ ತಿಳಿಸಿ. ಆಮೇಲೆ ಸೈಬರ್ ಅಪರಾಧಗಳನ್ನು ನೋಡಿಕೊಳ್ಳುವ ಸಿಇಎನ್ ಪೊಲೀಸ್ ಠಾಣೆಗೆ ಹೋಗಿ.

ಇಂಥ ಸ್ಟೀಲರ್ ಬಂದಾಗ ಮಾತ್ರ ಫಾರ್ಮ್ಯಾಟ್ ಮಾಡುವುದೇ ಸರಿ. ಫೋಟೋ, ಡಾಕ್ಯುಮೆಂಟ್ ಅಷ್ಟನ್ನೇ ಉಳಿಸಿಕೊಳ್ಳಿ, ಸೆಟಪ್ ಫೈಲುಗಳು ಬೇಡ. ವಿಂಡೋಸನ್ನು ಮೈಕ್ರೋಸಾಫ್ಟ್ ಸೈಟಿನಿಂದಲೇ, ಬೇರೊಂದು ಒಳ್ಳೆಯ ಕಂಪ್ಯೂಟರಿನಲ್ಲಿ ಇಳಿಸಿಕೊಳ್ಳಿ. ವಿಂಡೋಸ್ 10ಕ್ಕೆ ಮಾಮೂಲಿ ಅಪ್‌ಡೇಟ್ 2025ರ ಅಕ್ಟೋಬರ್ 14ಕ್ಕೆ ನಿಂತಿದೆ, ಮಷೀನು ತಡೆದುಕೊಳ್ಳುವುದಾದರೆ 11 ಹಾಕಿಸಿ. ಅಂಗಡಿಗೆ ಕೊಡುವುದಾದರೆ ‘ಕ್ರ್ಯಾಕ್ ಹಾಕಬ್ಯಾಡ್ರಿ, ಡಿಫೆಂಡರ್ ಆಫ್ ಮಾಡಬ್ಯಾಡ್ರಿ’ ಅಂತ ಮೊದಲೇ ಹೇಳಿ. ವಾಪಸ್ ತಂದ ದಿನವೇ ಎಕ್ಸ್‌ಕ್ಲೂಶನ್ಸ್ ಪಟ್ಟಿ ಖಾಲಿ ಇದೆಯಾ ಅಂತ ತೆರೆದು ನೋಡಿ.